ತಲೆ ಬಿಡಿ, ರೆಕ್ಕೆಯ ತುದಿ ನೋಡಿ

ಪ್ರಶ್ನೆ: ಚಳಿಗಾಲದಲ್ಲಿ ಕಡಲ ದಂಡೆಯಲ್ಲಿ ತೆಗೆದ ಎರಡು ಫೋಟೊ ಕಳಿಸಿದ್ದೇನೆ. ಒಂದು ಹಾರುತ್ತಿರುವ ಕಡಲಕ್ಕಿ, ಇನ್ನೊಂದು ನಿಂತಲ್ಲೇ ರೆಕ್ಕೆ ಎತ್ತಿರುವುದು. ಎರಡರದ್ದೂ ತಲೆ ಬಿಳಿ, ಕಣ್ಣಿನ ಹಿಂದೆ ಕಪ್ಪು ಚುಕ್ಕೆ. ಹಾರುವುದರ ಕಣ್ಣು ತಿಳಿ ಬಣ್ಣ, ನಿಂತದ್ದರ ಕಣ್ಣು ಕಪ್ಪು. ಮೊದಲನೆಯದು ಕಂದುತಲೆ ಗಲ್, ಎರಡನೆಯದು ಕರಿತಲೆ ಗಲ್ ಅಲ್ಲವೇ?

ಉತ್ತರ: ಅರ್ಧ ಸರಿ. ತಲೆಯನ್ನು ನೀವು ನೆಚ್ಚಿಕೊಳ್ಳದಿದ್ದದ್ದು ಒಳ್ಳೆಯದಾಯಿತು. ಹೆಸರಿಗೆ ಕಾರಣವಾದ ತಲೆಯ ಗಾಢ ಬಣ್ಣ, ಅಂದರೆ ಟೋಪಿ, ಮರಿ ಮಾಡುವ ಕಾಲಕ್ಕೆ ಮಾತ್ರ. ಆಮೇಲೆ ಎರಡೂ ಜಾತಿಗೆ ಚುಕ್ಕೆಯಷ್ಟೇ ಉಳಿಯುತ್ತದೆ. ಟೋಪಿ ಇದ್ದಾಗಲೂ ಗೊಂದಲ ತಪ್ಪಿದ್ದಲ್ಲ: ಕರಿತಲೆಯದ್ದು ಕಪ್ಪಲ್ಲ, ಗಾಢ ಕಂದು. ಕಂದುತಲೆಯದ್ದು ಅದಕ್ಕಿಂತ ತುಸು ತಿಳಿ, ಅಂಚು ಮಾತ್ರ ಕಪ್ಪಗೆ.

ನಾನು ನೋಡುವುದು ರೆಕ್ಕೆಯ ತುದಿ. ನಿಮ್ಮ ಮೊದಲ ಚಿತ್ರವನ್ನು ದೊಡ್ಡದು ಮಾಡಿ. ತುದಿಯುದ್ದಕ್ಕೂ ಅಗಲವಾದ ಕಪ್ಪು, ಆ ಕಪ್ಪಿನೊಳಗೆ ಹೊರಗರಿಗಳಲ್ಲಿ ಬಿಳಿ ಮಚ್ಚೆ. ಪಕ್ಷಿವೀಕ್ಷಕರು ಇದನ್ನು 'ಕನ್ನಡಿ' ಎನ್ನುತ್ತಾರೆ. ಇದು ಕಂದುತಲೆಯ ಗುರುತು. ಬಲಿತ ಹಕ್ಕಿಗೆ ತಿಳಿ ಕಣ್ಣೂ ಇರುತ್ತದೆ. ಕರಿತಲೆಯಾಗಿದ್ದರೆ ರೆಕ್ಕೆಯ ಮುಂದಿನ ಅಂಚಿನಲ್ಲಿ ತುದಿಯವರೆಗೂ ಚೂಪಾದ ಬಿಳಿ ಪಟ್ಟೆ ಓಡಿ, ಕಪ್ಪು ಬರೀ ಗರಿಗಳ ಕೊನೆಗೆ ತೆಳ್ಳಗೆ ಅಂಟಿಕೊಂಡಿರುತ್ತಿತ್ತು. ದೂರದಿಂದಲೂ ಆ ಬಿಳಿ ಮಿಂಚುತ್ತದೆ.

ಗಾತ್ರದಲ್ಲಿ ಕಂದುತಲೆ ಸ್ವಲ್ಪ ದೊಡ್ಡದು, ಕೊಕ್ಕೂ ದಪ್ಪ. ಆದರೆ ಪಕ್ಕದಲ್ಲಿ ಇನ್ನೊಂದಿಲ್ಲದಿದ್ದರೆ ಗಾತ್ರದ ಮಾತು ಎತ್ತದಿರುವುದೇ ವಾಸಿ.

ಎರಡನೆಯ ಚಿತ್ರದಲ್ಲಿ ನಿಮ್ಮನ್ನು ದಾರಿ ತಪ್ಪಿಸಿದ್ದು ಕಣ್ಣು. ಬಾಲದ ತುದಿಯ ಕಪ್ಪು ಪಟ್ಟಿ ಗಮನಿಸಿದಿರಾ? ಅದು ಒಂದು ವರ್ಷವೂ ತುಂಬದ ಹಕ್ಕಿ. ಈ ವಯಸ್ಸಿಗೆ ಕಂದುತಲೆಗೂ ಕಣ್ಣು ಕಪ್ಪೇ, ಕನ್ನಡಿಯೂ ಮೂಡಿರುವುದಿಲ್ಲ. ಹಾಗೆಂದು ಅದು ಕರಿತಲೆ ಆಗಿಬಿಡುವುದಿಲ್ಲ. ಎಳೆಯ ಕರಿತಲೆಗೂ ಮುಂದಿನ ಅಂಚಿನ ಬಿಳಿ ಪಟ್ಟೆ ಇರುತ್ತದೆ, ಕಂದು ಗೀರು ಬೆರೆತಿರಬಹುದು ಅಷ್ಟೆ. ನಿಮ್ಮ ಹಕ್ಕಿ ಎತ್ತಿದ ರೆಕ್ಕೆಯಲ್ಲಿ ಬಿಳಿ ನಡುವೆಯೇ ನಿಂತಿದೆ, ಅಲ್ಲಿಂದಾಚೆ ತುದಿಯವರೆಗೆ ಗಟ್ಟಿ ಕಪ್ಪು.

ಆದ್ದರಿಂದ ಎರಡೂ ಕಂದುತಲೆಯೇ. ಲಡಾಖ್, ಟಿಬೆಟ್‌ನಂಥ ಎತ್ತರದ ಸರೋವರಗಳ ಬಳಿ ಗೂಡುಕಟ್ಟಿ ಚಳಿಗೆ ಕಡಲಿಗಿಳಿಯುವ ಜಾತಿ. ಕರಿತಲೆ ಹುಟ್ಟುವುದು ಯುರೋಪಿನಿಂದ ಏಷ್ಯಾದ ಪೂರ್ವದವರೆಗೆ ಹರಡಿದ ಜವುಗುಗಳಲ್ಲಿ. ಚಳಿಗಾಲದ ದಂಡೆಯಲ್ಲಿ ಎರಡೂ ಒಂದೇ ಗುಂಪಿನಲ್ಲಿ ಸಿಗುತ್ತವೆ. ನಿಮ್ಮ ಕರಿತಲೆ ಆ ಗುಂಪಿನಲ್ಲೇ ಎಲ್ಲೋ ಇದ್ದಿರಬಹುದು, ಉಳಿದ ಫೋಟೊಗಳನ್ನೂ ಒಮ್ಮೆ ತೆಗೆದು ನೋಡಿ.