ಘಾಟಿ, ಗೇರು ಮತ್ತು ಪೆಟ್ರೋಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಪೆಟ್ರೋಲ್ ಕಾರು, ಕೈಗೇರು. ಆಗಾಗ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತೇನೆ. ಇಳಿಯುವಾಗ ನ್ಯೂಟ್ರಲ್‌ಗೆ ಹಾಕುವ ರೂಢಿ. ಆದರೂ ಈ ಮಳೆಗಾಲದಲ್ಲಿ ಮೈಲೇಜ್ ಕಡಿಮೆಯಾಗಿದೆ. ಏನು ಮಾಡಲಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ಮೊದಲು ನ್ಯೂಟ್ರಲ್ ಬಿಡಿ. ಕಾರ್ಬ್ಯುರೇಟರ್ ಕಾಲದ ಆ ಲೆಕ್ಕ ಈಗಿನ, ಅಳೆದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್ನಿಗೆ ಹೊಂದುವುದಿಲ್ಲ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ಆಗ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಆರ್‌ಪಿಎಂ ಐಡ್ಲಿಂಗ್ (ಕಾರು ನಿಂತಿದ್ದಾಗ ಎಂಜಿನ್ ತಿರುಗುವ ವೇಗ) ಹತ್ತಿರ ಬಂದಾಗಷ್ಟೇ ಮತ್ತೆ ಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಉದ್ದಕ್ಕೂ ಪೆಟ್ರೋಲ್ ಬೇಕು. ಮೇಲಾಗಿ 14 ತಿರುವುಗಳ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ. ಕೀ ಆಫ್ ಮಾಡಿಯೇ ಇಳಿಯುವ ಮಹಾನುಭಾವರೂ ಇದ್ದಾರೆ. ಹಾಗೆ ಮಾಡಿದರೆ ಬ್ರೇಕ್ ಒತ್ತುವುದನ್ನು ಹಗುರಾಗಿಸುವ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಮುಗಿದು ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗೂ ಬಿಗಿ. ಏರಲು ಬೇಕಾಗುವ ಗೇರಿನಲ್ಲೇ ಇಳಿಯಿರಿ, ಹೆಚ್ಚಿನ ಕಡೆ ಎರಡನೆಯದು. ತಿರುವಿಗೆ ಮೊದಲೇ ಬ್ರೇಕ್ ಒತ್ತಿ, ಬಿಡಿ, ಸದಾ ಕಾಲಿಟ್ಟುಕೊಂಡಿರಬೇಡಿ.

ಏರುವಾಗ ಮುಂದಿನ ವಾಹನಕ್ಕೆ ಅಂಟಿಕೊಳ್ಳದೆ ಜಾಗ ಬಿಡಿ. ಅದು ತಿರುವಿನಲ್ಲಿ ನಿಧಾನವಾದರೂ ನೀವು ನಿಲ್ಲದೆ ಸಾಗಬಹುದು. ನಿಲ್ಲಲೇಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಾಫ್ ಕ್ಲಚ್ಚಿನಲ್ಲಿ ಕಾರು ಹಿಡಿದು ನಿಂತರೆ ಪೆಟ್ರೋಲೂ ಹೋಯಿತು, ಕ್ಲಚ್ ಪ್ಲೇಟೂ ಹೋಯಿತು.

ಇನ್ನು ಮಳೆಗಾಲದ ಮಾತು. ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕಾರು ದಿನ ನಿಲ್ಲಿಸಿದ ಕಾರಿನಲ್ಲಿ ತುಕ್ಕಿನಿಂದ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಬಹುದು, ಕೇಬಲ್ ಬಿಗಿಯಬಹುದು. ಮೈಲೇಜ್ ಕುಸಿತಕ್ಕೆ ನಮ್ಮ ಮೊದಲ ಅನುಮಾನ ಇದರ ಮೇಲೆಯೇ. ಸಮತಟ್ಟು ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ, ಹೆಚ್ಚು ಬ್ರೇಕ್ ಹಾಕದೆ ನಿಲ್ಲಿಸಿ, ಪ್ರತಿ ಚಕ್ರದ ಬಳಿ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಹಿಂದಿನ ಎರಡರಲ್ಲಿ ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ, ಬಿಚ್ಚಿಸಿ ತೋರಿಸಿ. ಮುಂದೆ ಸಮತಟ್ಟು ಅಂಗಳದಲ್ಲಿ ನಿಲ್ಲಿಸುವಾಗ ಮೊದಲ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಿ.

ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ನೋಡಿಸಿ. ಎಷ್ಟಿರಬೇಕೆಂದು ಚಾಲಕನ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿರುತ್ತದೆ. ಮೈಲೇಜ್ ಅಳೆಯಲು ಒಂದೇ ಬಂಕಿನಲ್ಲಿ ಪಂಪ್ ತಾನಾಗಿ ನಿಲ್ಲುವ ಮೊದಲ ಆಟೋ ಕಟ್‌ವರೆಗೆ ತುಂಬಿಸಿ, ಓಡಿಸಿ, ಮತ್ತೆ ಅಷ್ಟಕ್ಕೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಎರಡನೇ ಸಲದ ಲೀಟರಿನಿಂದ ಭಾಗಿಸಿ.

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗಲು ಹತ್ತು ನಿಮಿಷ ಬಿಡುತ್ತೇನೆ. ಬೇಕೇ?
– ಸಾಗರದ ಓದುಗರು

ಉತ್ತರ: ಬೇಡ. ಅರ್ಧ ನಿಮಿಷ ಸಾಕು. ಮೊದಲ ಎರಡು ಮೂರು ಕಿ.ಮೀ. ಮೆಲ್ಲಗೆ ಓಡಿಸಿ, ನಿಂತಲ್ಲಿಗಿಂತ ಬೇಗ ಬಿಸಿಯಾಗುತ್ತದೆ.