ಫುಟ್‌ಬಾಲ್ ಕೋಚಿಂಗ್‌ನ ಡಿ ಲೈಸೆನ್ಸ್ ಇದ್ದೂ ದುಬೈ ಅಕಾಡೆಮಿಗಳಿಂದ ಉತ್ತರ ಬಾರದಿದ್ದರೆ

ಕೊಡಗಿನ ಅಮ್ಮತ್ತಿಯಲ್ಲಿ ವರ್ಷಗಟ್ಟಲೆ ಫುಟ್‌ಬಾಲ್ ಆಡಿ, ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಡಿ ಲೈಸೆನ್ಸ್ ಪಡೆದು ದುಬೈನ ಅಕಾಡೆಮಿಗಳಿಗೆ ಕೋಚ್ ಕೆಲಸಕ್ಕೆ ಅರ್ಜಿ ಹಾಕಿದರೂ ಉತ್ತರ ಬಂದಿಲ್ಲ, ಏಕೆ ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಲೈಸೆನ್ಸಿನ ಹಂತವೇ ಕಾರಣ. ನಿಮ್ಮ ಅರ್ಜಿಯನ್ನು ನೋಡದೆ ಇದನ್ನು ಖಚಿತವಾಗಿ ಹೇಳಲಾರೆ. ಡಿ ಎಂಬುದು ಆರಂಭದ ಹಂತಗಳಲ್ಲೊಂದು. ಅದರ ಮೇಲೆ ಎಎಫ್‌ಸಿಯ (ಏಷ್ಯಾ ಫುಟ್‌ಬಾಲ್ ಒಕ್ಕೂಟ) ಸಿ, ಬಿ, ಎ ಮತ್ತು ಪ್ರೊ ಇವೆ. ಯುಎಇ ಕೂಡ ಎಎಫ್‌ಸಿಯ ಸದಸ್ಯ ರಾಷ್ಟ್ರವಾದ್ದರಿಂದ, ಮೊದಲು ಸಿ ಲೈಸೆನ್ಸ್ ಕೋರ್ಸಿಗೆ ಹೆಸರು ನೋಂದಾಯಿಸಿ.

ಅದು ಮುಗಿಯುವವರೆಗೆ ಅರ್ಜಿಯನ್ನು ತಿದ್ದಿ. ನನ್ನ ಮೊದಲ ಅರ್ಜಿಯಲ್ಲಿ ಗೆದ್ದ ಕಪ್‌ಗಳ ಪಟ್ಟಿಯೇ ಎರಡು ಪುಟವಿತ್ತು. ಯಾವ ವಯಸ್ಸಿನ ಮಕ್ಕಳಿಗೆ ಏನು ಕಲಿಸಿದೆ ಎಂಬುದು ಒಂದೇ ಸಾಲಿನಲ್ಲಿತ್ತು. ಅದನ್ನು ತಿರುಗಿಸಿ ಬರೆದು, ಕಾಫಿ ಕಣದಲ್ಲಿ ಹನ್ನೆರಡು ಮಕ್ಕಳಿಗೆ ಪಾಸಿಂಗ್ ಹೇಳಿಕೊಡುತ್ತಿದ್ದ ಮೂರು ನಿಮಿಷದ ವಿಡಿಯೊ ಸೇರಿಸಿದ ಮೇಲೆಯೇ ಸಂದರ್ಶನದ ಕರೆ ಬಂದಿತು. (ಕೋಚ್ ಆಗಲು ಗೆದ್ದ ಕಪ್‌ಗಳೇ ಬೇಕಿಲ್ಲ: ಆಟಗಾರನಾಗಿ ದೊಡ್ಡ ಹೆಸರಿಲ್ಲದ ಇಂಗ್ಲೆಂಡಿನ ಸ್ಟೀಫನ್ ಕಾನ್‌ಸ್ಟಂಟೈನ್ ನೇಪಾಳ, ಮಲಾವಿ, ಸುಡಾನ್, ರುವಾಂಡಾ ತಂಡಗಳಿಗೂ ಎರಡು ಬಾರಿ ಭಾರತಕ್ಕೂ ಕೋಚ್ ಆಗಿದ್ದರು.) ವಿಡಿಯೊದಲ್ಲಿ ನಿಮ್ಮ ಧ್ವನಿ ಸ್ಪಷ್ಟವಾಗಿ ಕೇಳಬೇಕು, ಮಳೆಗಾಲದಲ್ಲಿ ಚಿತ್ರೀಕರಿಸಬೇಡಿ.

ಕೆಲಸದ ಪತ್ರ ಬಂದ ನಂತರ ಪದವಿ ಪ್ರಮಾಣಪತ್ರವನ್ನು ಕ್ರಮವಾಗಿ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ ಮತ್ತು ಯುಎಇ ರಾಯಭಾರ ಕಚೇರಿಯಿಂದ ದೃಢೀಕರಿಸಿಕೊಳ್ಳಿ. ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿಯೇ ಅರ್ಜಿ ಸಲ್ಲಿಸಬಹುದು. ಏಜೆಂಟರು ಮಧ್ಯೆ ಬಂದರೆ, ಹಣ ಕೊಡುವ ಮುನ್ನ ಅವರ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ.