1930ರ ದಶಕದಲ್ಲಿ ಹೆವಿವೇಟ್ ಬಾಕ್ಸಿಂಗ್ ಪಟ್ಟ ಯಾಕೆ ಅಷ್ಟು ಬೇಗ ಬೇಗ ಕೈ ಬದಲಾಯಿಸಿತು?

1928ರಲ್ಲಿ ಜೀನ್ ಟನ್ನಿ ಚಾಂಪಿಯನ್ ಆಗಿದ್ದಾಗಲೇ ಆಟ ಬಿಟ್ಟ, ಪಟ್ಟ ಖಾಲಿ ಬಿತ್ತು. ಆಮೇಲೆ ಬಂದವರಲ್ಲಿ ಅದನ್ನು ಗಟ್ಟಿಯಾಗಿ ಉಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೇ. 1930ರಲ್ಲಿ ಜರ್ಮನಿಯ ಷ್ಮೆಲಿಂಗ್ ಗೆದ್ದಿದ್ದು ನೆಲಕ್ಕೆ ಬಿದ್ದುಕೊಂಡು! ಎದುರಾಳಿ ಶಾರ್ಕಿ ಸೊಂಟದ ಕೆಳಗೆ ಹೊಡೆದ ಅಂತ ಅವನನ್ನು ಅನರ್ಹ ಮಾಡಿದರು. 1932ರಲ್ಲಿ ಶಾರ್ಕಿ, 1933ರಲ್ಲಿ ಇಟಲಿಯ ದೈತ್ಯ ಕಾರ್ನೆರಾ, 1934ರಲ್ಲಿ ಮ್ಯಾಕ್ಸ್ ಬೇರ್. ಬೇರ್ ಹೊಡೆತ ಭಯಂಕರ, ಆದರೆ ಹುಡುಗಾಟ ಜಾಸ್ತಿ.

ನನಗೆ ಇಷ್ಟ ಆಗೋದು ಅವನ ನಂತರದ ಜೇಮ್ಸ್ ಬ್ರಾಡಕ್. ಆರ್ಥಿಕ ಕುಸಿತದಲ್ಲಿ ಕೈ ಬರಿದಾಗಿ ಬಂದರಿನಲ್ಲಿ ಕೂಲಿ ಮಾಡಿದ, ಸರ್ಕಾರದ ಪರಿಹಾರದ ಹಣ ತಗೊಂಡ, ದುಡ್ಡು ಬಂದಮೇಲೆ ಅದನ್ನು ವಾಪಸ್ ಕೊಟ್ಟ. ಬಲಗೈಗೆ ಪೆಟ್ಟಾಗಿದ್ದರಿಂದ ಸರಕು ಎತ್ತೋಕೆ ಎಡಗೈಯನ್ನೇ ಬಳಸಿ ಬಳಸಿ ಅದು ಗಟ್ಟಿಯಾಯ್ತು. 1935ರ ಜೂನ್ 13ರಂದು ನ್ಯೂಯಾರ್ಕಿನಲ್ಲಿ, ಯಾರೂ ನಂಬದಿದ್ದರೂ, 15 ಸುತ್ತು ಆಡಿ ಬೇರ್‌ನನ್ನು ಪಾಯಿಂಟ್ಸ್ ಮೇಲೆ ಸೋಲಿಸಿದ.

1937ರಲ್ಲಿ ಜೋ ಲೂಯಿ ಅವನನ್ನು ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿದ ಮೇಲೆ ಈ ಓಡಾಟ ನಿಂತಿತು, 1949ರವರೆಗೂ ಪಟ್ಟ ಅವನದ್ದೇ. ಬ್ರಾಡಕ್ ಕೂಡ ಸುಮ್ನೆ ಸೋತಿಲ್ಲ: ಲೂಯಿ ಪಂದ್ಯಗಳ ಆಯೋಜಕನ ಲಾಭದಲ್ಲಿ ಹತ್ತು ವರ್ಷ ಶೇ. 10 ಪಾಲು ಅಂತ ಮೊದಲೇ ಬರೆಸಿಕೊಂಡಿದ್ದ.